ಕೆರೆಯಂಗಳದಲ್ಲಿ ಸಸಿ ನೆಡುವವರು ಮೊದಲು ನೋಡಬೇಕಾದ್ದು ಮಟ್ಟ

ಚಿತ್ರದುರ್ಗ, ದಾವಣಗೆರೆ ಸೀಮೆಯ ಕೆರೆಯಂಗಳಗಳಲ್ಲಿ ಜೂನ್‌ನಲ್ಲಿ ಸಾಲು ಸಾಲು ಸಸಿ ನೆಡುತ್ತಾರೆ. ಸಂಕ್ರಾಂತಿ ಹೊತ್ತಿಗೆ ಹೋಗಿ ನೋಡಿದರೆ ಸಾಲು ಇರುತ್ತೆ, ಸಸಿ ಇರಲ್ಲ. ಯಾಕೆ ಅಂತ ಕೇಳಿದರೆ ಸಿದ್ಧವಾದ ಎರಡು ಉತ್ತರ: ಒಂದು, ನೀರು ಹಾಕಲಿಲ್ಲ, ಇನ್ನೊಂದು, ಕುರಿ ಮೇಯ್ದವು. ಎರಡೂ ಕೆಲವು ಕಡೆ ನಿಜವೇ. ಆದರೆ ಕೆರೆಯಂಗಳದ ಮಟ್ಟಿಗೆ ನನ್ನ ಅನುಮಾನ ಮೊದಲು ಹೋಗುವುದು ನೆಲದ ಮಟ್ಟದ ಮೇಲೆ. ಅರ್ಧ ಅಡಿ ಎತ್ತರದಲ್ಲಿದ್ದ ಸಸಿ ಬದುಕಿರುತ್ತೆ, ಪಕ್ಕದಲ್ಲೇ ಅರ್ಧ ಅಡಿ ತಗ್ಗಿನಲ್ಲಿದ್ದದ್ದು ಸತ್ತಿರುತ್ತೆ. ಜಾತಿ ಒಂದೇ, ನರ್ಸರಿ ಒಂದೇ, ನೆಟ್ಟ ದಿನವೂ ಒಂದೇ.

ನಮ್ಮ ಕಡೆಯ ಮಳೆಯ ಲೆಕ್ಕ ಇಲ್ಲಿ ಮುಖ್ಯ. ಮೃಗಶಿರ, ಆರಿದ್ರಾ ಮಳೆಗೆ ನೆಲ ಹಸಿಯಾಗುತ್ತೆ, ಕೆರೆಗೆ ನೀರು ಬರುವುದು ಅಪರೂಪ. ಕೆರೆ ತುಂಬಿಸುವುದು ಉತ್ತರೆ, ಹಸ್ತ, ಚಿತ್ತೆ ಮಳೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಜೂನ್‌ನಲ್ಲಿ ಒಂದೂವರೆ ಅಡಿ ಇದ್ದ ಸಸಿ ಅಷ್ಟರಲ್ಲಿ ಎರಡೂವರೆ ಅಡಿ ಆಗಿದ್ದರೆ ಪುಣ್ಯ. ಆಮೇಲೆ ಮೂರು ಅಡಿ ನೀರು ಬಂದು ಒಂದೂವರೆ ತಿಂಗಳು ನಿಂತರೆ ಅದಕ್ಕೆ ಉಳಿಗಾಲವಿಲ್ಲ. ತುದಿ ನಾಲ್ಕು ಬೆರಳು ಮೇಲಿದ್ದರೂ ಕರಿಜಾಲಿ, ಹೊಳೆಮತ್ತಿ ಸಾಕಷ್ಟು ದಿನ ತಡೆಯುತ್ತವೆ. ತುದಿಯೂ ಮುಳುಗಿದರೆ ಎಲೆಗೆ ಗಾಳಿಯಿಲ್ಲ, ಕದಡಿದ ನೀರಿನಲ್ಲಿ ಬೆಳಕೂ ಇಲ್ಲ.

ಬೇರಿನ ಕಡೆ ನಡೆಯುವುದೇ ಬೇರೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವುದು ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡ ಮೇಲೆ ಅಲ್ಲಿದ್ದ ಅಷ್ಟಿಷ್ಟು ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲೇ ಮುಗಿಸುತ್ತವೆ. ಆಮೇಲೆ ಅವು ಮಣ್ಣಿನ ಮ್ಯಾಂಗನೀಸ್, ಕಬ್ಬಿಣ, ಗಂಧಕದ ಸಂಯುಕ್ತಗಳಿಗೆ ಕೈ ಹಾಕುತ್ತವೆ. ಕರಗಿದ ಕಬ್ಬಿಣ ಹೆಚ್ಚಾದರೆ ಬೇರಿಗೆ ವಿಷ, ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ವಿಷ. ಉಸಿರಾಡಲಾಗದ ಬೇರು ನೀರನ್ನೂ ಎಳೆದುಕೊಳ್ಳಲ್ಲ, ಹಾಗಾಗಿ ಸುತ್ತ ನೀರಿದ್ದರೂ ಎಲೆ ಬಾಡುತ್ತೆ. ಜನ ಎಡವುವುದು ಇಲ್ಲೇ. ಎಲೆ ಬಾಡಿದ್ದು ನೋಡಿ, ಬಾಯಾರಿದೆ ಅಂತ ಇನ್ನೊಂದು ಕೊಡ ಸುರಿಯುತ್ತಾರೆ.

ಅನುಮಾನ ಬಂದರೆ ಒಂದು ಸಸಿ ಕಿತ್ತು ನೋಡಿ. ಪೆನ್ಸಿಲ್‌ಗಿಂತ ಸಣ್ಣದಾದ ಬೇರೊಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಜೀವ ಇದ್ದರೆ ಸಿಪ್ಪೆ ಗಟ್ಟಿಯಾಗಿ ಕೂತಿರುತ್ತೆ, ಉಗುರಿನಿಂದ ಕೆರೆದರೆ ಒಳಗೆ ಕೆನೆ ಬಣ್ಣ. ಉಸಿರುಗಟ್ಟಿ ಸತ್ತಿದ್ದರೆ ಕಪ್ಪು ಸಿಪ್ಪೆ ಕೊಳವೆಯಂತೆ ಜಾರಿ ಕೈಗೆ ಬರುತ್ತೆ, ಒಳಗೆ ದಾರದಷ್ಟು ನಾರು ಉಳಿದಿರುತ್ತೆ. ಒಣಗಿ ಸತ್ತ ಬೇರು ಹೀಗೆ ಜಾರಲ್ಲ, ಲಟಕ್ಕಂತ ಮುರಿಯುತ್ತೆ. ಈ ವ್ಯತ್ಯಾಸ ಗೊತ್ತಿದ್ದರೆ ಮುಂದಿನ ವರ್ಷದ ಖರ್ಚು ಎತ್ತ ಹೋಗಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಈ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡವರು ಉತ್ತರದ ಚಳಿ ದೇಶಗಳವರು. ಅಲ್ಲಿ ಜೌಗಿನಲ್ಲೇ ಕಾಡು ಇದೆ, ಮರಗಳು ಸ್ಪ್ರೂಸ್, ಸೀಡರ್, ಲಾರ್ಚ್‌ನಂಥ ಸೂಜಿ ಎಲೆಯವು. (ನಮ್ಮ ಕಡೆ ಸೂಜಿ ಎಲೆ ಅಂದರೆ ಗಾಳಿಮರ ನೆನಪಾಗುತ್ತೆ. ಅದು ಆ ಕುಲದ್ದಲ್ಲ, ಅದರಲ್ಲಿ ಸೂಜಿಯಂತೆ ಕಾಣುವುದು ಹಸಿರು ಕಡ್ಡಿ.) ಕರಿ ಸ್ಪ್ರೂಸ್‌ನ ಬೀಜ ಎಷ್ಟು ಸಣ್ಣದೆಂದರೆ ಕಿಲೋಗೆ ಎಂಟು ಲಕ್ಷಕ್ಕೂ ಮಿಗಿಲು. ಮೊದಲ ವರ್ಷ ಸಸಿ ಬೆಳೆಯುವುದು ಒಂದು ಇಂಚಿನ ಆಸುಪಾಸು. ಇಂಥ ಸಸಿಗೆ ಎರಡು ಇಂಚು ತಗ್ಗು ಅಂದರೂ ಬಾವಿ. ಜೌಗಿನ ಸ್ಫ್ಯಾಗ್ನಮ್ ಹಾವಸೆ ಒದ್ದೆಯಾಗಿರುವುದರಿಂದ ಬೀಜ ಚೆನ್ನಾಗಿಯೇ ಮೊಳೆಯುತ್ತೆ, ಆದರೆ ಆ ಹಾವಸೆ ಸಸಿಗಿಂತ ಬೇಗ ಬೆಳೆದು ಅದನ್ನೇ ನುಂಗಿಬಿಡುತ್ತೆ. ಉತ್ತರ ಅಮೆರಿಕದ ಬಿಳಿ ಸೀಡರ್ ಸಸಿಗಳು, ಯಾರೂ ಕೈಯಾಡಿಸದ ಕಾಡಿನಲ್ಲಿ, ಹೆಚ್ಚಾಗಿ ಕಾಣುವುದು ನೆಲದ ಮೇಲಲ್ಲ, ಬಿದ್ದು ಕೊಳೆತ ದಿಮ್ಮಿ ಮತ್ತು ಬೊಡ್ಡೆಗಳ ಮೇಲೆ. ಅಟ್ಲಾಂಟಿಕ್ ಕರಾವಳಿಯ ಜೌಗಿನ ಸೀಡರ್‌ನದು ಇನ್ನೂ ಸೂಕ್ಷ್ಮ: ತಗ್ಗಿನಲ್ಲಿ ಮುಳುಗಿ ಸಾಯುತ್ತೆ, ದಿಬ್ಬದ ನೆತ್ತಿಯಲ್ಲಿ ಬೇಸಿಗೆಗೆ ಒಣಗಿ ಸಾಯುತ್ತೆ, ನಡುವಿನ ಪಟ್ಟಿಯಲ್ಲಿ ಉಳಿಯುತ್ತೆ. ಚಳಿ ಸೀಮೆ ಬಿಟ್ಟು ಅಮೆರಿಕದ ದಕ್ಷಿಣಕ್ಕೆ ಬಂದರೆ, ಅಲ್ಲಿ ವರ್ಷದ ಬಹುಭಾಗ ನೀರಲ್ಲೇ ನಿಲ್ಲುವ ಬಾಲ್ಡ್ ಸೈಪ್ರೆಸ್ ಮರದ ಬೀಜ ಕೂಡ ನೀರಿನಡಿ ಮೊಳೆಯಲ್ಲ. ನೀರು ಸರಿದು ಕೆಸರು ತೋರುವ ತನಕ ಕಾಯುತ್ತೆ, ಆಮೇಲೆ ಮುಂದಿನ ನೆರೆ ಬರುವುದರೊಳಗೆ ತಲೆ ಮೇಲೆತ್ತಿಕೊಳ್ಳುವಷ್ಟು ಬೆಳೆಯಬೇಕು.

ಆ ಕೊಳೆತ ದಿಮ್ಮಿಯ ಕೆಲಸವನ್ನು ನಮ್ಮಲ್ಲಿ ಮಾಡುವುದು ಹುತ್ತ. ನೀರು ನಿಲ್ಲುವ ಬಯಲಲ್ಲಿ ಒಂಟಿ ಬೇವು, ಲಕ್ಕಿ ಗಿಡ ಕಂಡರೆ ಬುಡ ನೋಡಿ, ಎಷ್ಟೋ ಕಡೆ ಹಳೇ ಹುತ್ತದ ಎತ್ತರ ಇರುತ್ತೆ. ಬೇವಿಗೆ ನಿಂತ ನೀರು ಆಗದು, ಆ ಎರಡಡಿ ಎತ್ತರವೇ ಅದನ್ನು ಉಳಿಸಿರುವುದು.

ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಅಗೆಯುವ ಯಂತ್ರದಿಂದ ಮಣ್ಣು ಮಗುಚಿ ಸಾಲಾಗಿ ದಿಬ್ಬ ಮಾಡಿ ಸ್ಪ್ರೂಸ್ ನೆಡುವುದು ವಾಡಿಕೆ. ಅದನ್ನು ಹಾಗೇ ತಂದು ಇಲ್ಲಿ ಮಾಡಬಾರದು. ಅಲ್ಲಿ ದಿಬ್ಬದಿಂದ ಬರುವ ದೊಡ್ಡ ಲಾಭಗಳಲ್ಲಿ ಒಂದು, ಮಣ್ಣು ಬೆಚ್ಚಗಾಗುವುದು. ನಮಗೆ ಆ ಬಿಸಿಯೇ ಶತ್ರು. ಹೊಳಲ್ಕೆರೆ, ಚಳ್ಳಕೆರೆ ಕಡೆ ಅಕ್ಟೋಬರ್‌ನಲ್ಲಿ ಸಸಿಯನ್ನು ಉಳಿಸಿದ ದಿಬ್ಬ ಏಪ್ರಿಲ್‌ನಲ್ಲಿ ಅದೇ ಸಸಿಯನ್ನು ಸುಡಬಹುದು. ಹಾಗಾಗಿ ಚೂಪು ದಿಬ್ಬ ಬೇಡ. ಮೇಲೆ ಮೂರು ಅಡಿ ಅಗಲ ಸಪಾಟು ಇರಲಿ, ನಡುವೆ ನಾಲ್ಕು ಇಂಚು ತಗ್ಗಿಸಿದ ತಟ್ಟೆಯಾಕಾರ ಇರಲಿ.

ದಿಬ್ಬಕ್ಕಿಂತ ಮೊದಲು ಮಟ್ಟ ಗುರುತಿಸಬೇಕು. "ಹತ್ತು ವರ್ಷದಿಂದ ಇಲ್ಲಿಗೆ ನೀರು ಬಂದಿಲ್ಲ" ಅನ್ನುವ ಮಾತನ್ನು ನಂಬಿ ಗುಂಡಿ ತೋಡಬೇಡಿ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಹಿನ್ನೀರಿನ ಅಂಚನ್ನು ನೆನಪಿನ ಮೇಲೆ ಗುರುತಿಸಿದವರ ಲೆಕ್ಕವೆಲ್ಲ ತಪ್ಪಿತು. ಲೆಕ್ಕ ಶುರುವಾಗಬೇಕಾದ್ದು ಕೋಡಿಯ ಮಟ್ಟದಿಂದ. ಅದು ಕಲ್ಲಿನಲ್ಲಿ ಕಟ್ಟಿಟ್ಟದ್ದು, ಬದಲಾಗಲ್ಲ.

ಕೆರೆ ತುಂಬುವ ವರ್ಷ ಸಿಕ್ಕರೆ ಕೆಲಸ ಸುಲಭ. ಕೋಡಿ ಬೀಳುವ ಹೊತ್ತಿಗೆ, ಗಾಳಿಯಿಲ್ಲದ ಬೆಳಗ್ಗೆ, ನೀರಿನಂಚಿನುದ್ದಕ್ಕೂ 20 ಅಡಿಗೊಂದು ಗೂಟ ಹೊಡೆಯುತ್ತಾ ಹೋಗಿ. ನೀರಿಗಿಂತ ಸರಿಯಾದ ಲೆವೆಲ್ಲು ಯಾವುದಿದೆ? ಆಮೇಲೆ ಅಡಿ, ಇಂಚು ಗುರುತು ಹಾಕಿದ ಕೋಲು ಹಿಡಿದು ಒಳಗಿಳಿದು ಒಂದಡಿ, ಎರಡಡಿ, ಮೂರಡಿ ಆಳದ ಗೆರೆಗಳಿಗೂ ಗೂಟ ಹಾಕಿ. ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತೆ, ಒಬ್ಬರೇ ಇಳಿಯಬೇಡಿ. ಕೆರೆ ತುಂಬದ ವರ್ಷವಾದರೆ ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಕೋಡಿಯ ಮೇಲ್ಮೈಯಿಂದ ಗೂಟದಿಂದ ಗೂಟಕ್ಕೆ ಮಟ್ಟ ದಾಟಿಸುತ್ತಾ ಹೋಗಬೇಕು. ದೊಡ್ಡ ಕೆರೆಯಲ್ಲಿ ಹೀಗೆ ಕಿಲೋಮೀಟರ್‌ಗಟ್ಟಲೆ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿ ಅರ್ಧ ಅಡಿ ಆಗುತ್ತೆ. ಸೂಳೆಕೆರೆಯಂಥ ಕಡೆ ಸರ್ವೆಯವರ ಉಪಕರಣವೇ ಬೇಕು.

ನೆಲದ ಗಿಡಗಳೂ ಹೇಳುತ್ತವೆ. ಜೊಂಡು ದಟ್ಟವಾಗಿದ್ದರೆ ನೀರು ತಿಂಗಳುಗಟ್ಟಲೆ ನಿಲ್ಲುತ್ತೆ, ಅಲ್ಲಿ ಕೈ ಹಾಕಬೇಡಿ. ಜೇಕು ಇದ್ದರೆ ಒದ್ದೆ ಜಾಗ, ದಿಬ್ಬ ಬೇಕು. ಗರಿಕೆ ಹಬ್ಬಿದ್ದರೆ ನೀರು ಬಂದು ಬೇಗ ಹೋಗುತ್ತೆ. ಹಳೇ ಜಾಲಿ ಮರಗಳ ಕಾಂಡಕ್ಕೆ ಮೆತ್ತಿದ ಮಣ್ಣಿನ ಗೆರೆ, ಪೊದೆಗಳಿಗೆ ಸಿಕ್ಕಿದ ಕಸಕಡ್ಡಿಯ ಸಾಲು ಇನ್ನೂ ಖಚಿತ. ಆ ಕಸದ ಸಾಲಿನಲ್ಲೇ ತೇಲಿ ಬಂದ ಹೊಂಗೆ ಕಾಯಿ ತಾನಾಗಿ ಮೊಳೆತಿರುವುದನ್ನೂ ನೋಡಬಹುದು. ಕೊನೆಗೆ ಒಂದೂವರೆ ಅಡಿ ಗುಂಡಿ ತೋಡಿ ಮಣ್ಣಿನ ಬಣ್ಣ ನೋಡಿ. ಬೂದು ಇಲ್ಲವೇ ನೀಲಿ ಛಾಯೆಯ ಮಣ್ಣಿನಲ್ಲಿ ಹಳೇ ಬೇರಿನ ದಾರಿಗುಂಟ ತುಕ್ಕಿನ ಬಣ್ಣದ ಗೆರೆಗಳಿದ್ದರೆ ಆ ಆಳದಲ್ಲಿ ವರ್ಷಕ್ಕೆ ಕೆಲವು ತಿಂಗಳು ಗಾಳಿ ಇರಲ್ಲ ಅಂತ ಅರ್ಥ. ತುಕ್ಕಿನ ಗೆರೆ ಎಷ್ಟು ಮೇಲೆ ಶುರುವಾಗುತ್ತೋ ಬೇರಿಗೆ ಜಾಗ ಅಷ್ಟು ಕಡಿಮೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ, ಅಂದರೆ ಹರಿಹರ, ಮಲೇಬೆನ್ನೂರು ಸುತ್ತ, ಕಥೆ ಸ್ವಲ್ಪ ಬೇರೆ. ಅಲ್ಲಿ ನೀರು ಮೇಲಿಂದ ಬಂದು ನಿಲ್ಲುವುದಕ್ಕಿಂತ ಕೆಳಗಿಂದ ಏರುತ್ತೆ. ನಾಲೆ ಹರಿಯುವ ತಿಂಗಳಲ್ಲಿ ಗುಂಡಿ ತೋಡಿ ನೋಡಬೇಕು. ಬೇಸಿಗೆ ಬೆಳೆಗೂ ನಾಲೆ ಬಿಟ್ಟರೆ ಜವಳು ಎರಡು ಸಲ ಏರುತ್ತೆ.

ಈಗ ದಿಬ್ಬದ ಲೆಕ್ಕ. ಕೋಡಿ ಮಟ್ಟಕ್ಕಿಂತ ಒಂದಡಿ ಕೆಳಗಿನವರೆಗೆ, ಮಣ್ಣು ಇಳಿದು ಕೂತ ಮೇಲೆ ಒಂದೂವರೆ ಅಡಿ ಉಳಿಯುವ ಕಟ್ಟೆ ಸಾಕು. ಒಂದರಿಂದ ಎರಡಡಿ ಆಳದ ಪಟ್ಟಿಗೆ ಸರಿಯಾದ ದಿಬ್ಬ ಬೇಕು. ಅದಕ್ಕಿಂತ ಆಳಕ್ಕೆ ಹೋಗುವುದು ಹಟ, ಜಾಣತನವಲ್ಲ. ಕಾರಣ ಮಣ್ಣಿನ ಲೆಕ್ಕದಲ್ಲೇ ಇದೆ. ಒದ್ದೆ ಎರೆಮಣ್ಣಿನ ದಿಬ್ಬ ಕುಸಿಯದಿರಲು ಇಳಿಜಾರು ಕನಿಷ್ಠ ಒಂದಕ್ಕೆ ಒಂದು, ಅಂದರೆ ಒಂದಡಿ ಎತ್ತರಕ್ಕೆ ಒಂದಡಿ ಅಗಲ, ಇರಬೇಕು. ಎರಡೂವರೆ ಅಡಿ ಎತ್ತರ, ಮೇಲೆ ಮೂರು ಅಡಿ, ಬುಡ ಎಂಟು ಅಡಿಯ ದುಂಡು ದಿಬ್ಬ ಅಂದರೆ ಸುಮಾರು 64 ಘನ ಅಡಿ ಮಣ್ಣು. ಎತ್ತರ ಒಂದಡಿ ಹೆಚ್ಚಿಸಿ ಮೂರೂವರೆ ಮಾಡಿದರೆ ಬುಡ ಹತ್ತು ಅಡಿ ಆಗಿ 127 ಘನ ಅಡಿ ಬೇಕು. ಒಂದಡಿಗೆ ಖರ್ಚು ದುಪ್ಪಟ್ಟು. ಆಳದ ಜಾಗವನ್ನು ನೀರಿಗೆ, ಹಕ್ಕಿಗೆ, ಮೀನಿಗೆ ಬಿಡುವುದೇ ಮೇಲು.

ಹೊಸ ದಿಬ್ಬ ಮೊದಲ ಮಳೆಗಾಲದಲ್ಲಿ ಐದನೇ ಒಂದು ಪಾಲಾದರೂ ಇಳಿಯುತ್ತೆ. ಎರಡೂವರೆ ಅಡಿಯದ್ದು ಎರಡಕ್ಕೆ ಬರುತ್ತೆ. ನೀರು ಒಂದೂವರೆ ಅಡಿ ನಿಲ್ಲುವ ಕಡೆ ಬೇರಿಗೆ ಮೇಲೆ ಅರ್ಧ ಅಡಿ ಗಾಳಿಯಾಡುವ ಮಣ್ಣು ಉಳಿಯಿತು. ಎಳೆ ಸಸಿಗೆ ಅದು ಕನಿಷ್ಠ. ಎರಡಡಿ ನೀರು ನಿಲ್ಲುವ ಕಡೆ ದಿಬ್ಬವನ್ನೂ ಆ ಲೆಕ್ಕಕ್ಕೇ ಏರಿಸಬೇಕು.

ಮಣ್ಣನ್ನು ಹೊರಗಿನಿಂದ ತರಬೇಡಿ, ಕೆರೆಯ ನೀರಿನ ಜಾಗ ಕಡಿಮೆಯಾಗುತ್ತೆ. ಪಕ್ಕದಲ್ಲೇ ಏಳು ಅಡಿ ಉದ್ದ, ಐದು ಅಡಿ ಅಗಲ, ಒಂದೂವರೆ ಅಡಿ ಆಳ ಅಗೆದರೆ ಒಂದು ದಿಬ್ಬಕ್ಕೆ ಆಗುತ್ತೆ. ಅಗೆದ ಮಣ್ಣು ಸಡಿಲವಾಗಿ ಹಿಗ್ಗುವುದರಿಂದ 52 ಘನ ಅಡಿ ಗುಂಡಿ 64 ಘನ ಅಡಿ ರಾಶಿ ಕೊಡುತ್ತೆ. ಗುಂಡಿಗೂ ದಿಬ್ಬದ ಬುಡಕ್ಕೂ ಮೂರು ಅಡಿ ಬಿಡಿ, ಇಲ್ಲದಿದ್ದರೆ ನೀರು ಬಂದ ರಾತ್ರಿಯೇ ದಿಬ್ಬ ಗುಂಡಿಗೆ ಜಾರುತ್ತೆ. ಆಳ ಗುಂಡಿ ಬೇಡ, ದನಕರು, ಮಕ್ಕಳು ಬೀಳುವ ಜಾಗ ಅದು. ಸಾಲಿನಿಂದ ಸಾಲಿಗೆ 20 ಅಡಿ, ಸಾಲಿನೊಳಗೆ ದಿಬ್ಬದಿಂದ ದಿಬ್ಬಕ್ಕೆ 16 ಅಡಿ ಇಟ್ಟರೆ ಎಕರೆಗೆ ಸುಮಾರು 135 ದಿಬ್ಬ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ, ಅಂದರೆ ಪಂಚಾಯ್ತಿ ಇಲ್ಲವೇ ಸಣ್ಣ ನೀರಾವರಿಯವರ, ಒಪ್ಪಿಗೆ ಮೊದಲೇ ಬರಹದಲ್ಲಿ ಇರಲಿ. ಏರಿಯ ಮೇಲೆ ಮಾತ್ರ ಯಾರು ಒಪ್ಪಿದರೂ ಮರ ನೆಡಬೇಡಿ. ಮರ ಸತ್ತ ಮೇಲೆ ಕೊಳೆತ ಬೇರಿನ ಹಾದಿಯೇ ನೀರು ಸೋರುವ ಕೊಳವೆಯಾಗುತ್ತೆ.

ಕೆಲಸ ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಯಬೇಕು. ಆಗ ಜೆಸಿಬಿ ಎತ್ತುವ ಎರೆಮಣ್ಣು ಕಲ್ಲಿನಂಥ ಹೆಂಟೆ. ಅದನ್ನು ಒಡೆಯದೆ ಪೇರಿಸಿದರೆ ಒಳಗೆ ಪೊಳ್ಳು ಉಳಿಯುತ್ತೆ, ಬೇರು ಆ ಪೊಳ್ಳಿಗೆ ಇಳಿದು ನೇತಾಡಿ ಒಣಗುತ್ತೆ. ಅರ್ಧ ಅಡಿ ಮಣ್ಣು ಹಾಕಿ, ಹೆಂಟೆ ಒಡೆದು, ತುಳಿದು, ಆಮೇಲೆ ಮತ್ತೆ ಅರ್ಧ ಅಡಿ. ಕೃತ್ತಿಕೆ, ರೋಹಿಣಿ ಮಳೆ ಒಂದೆರಡು ಬಿದ್ದು ದಿಬ್ಬ ಕೂತ ಮೇಲೆ ನೆಡುವುದು. ಕೆರೆ ತುಂಬಿದ ತಿಂಗಳುಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೋ ದಿಬ್ಬದ ಆ ಮೈಯನ್ನು ಅಲೆ ತಿನ್ನುತ್ತೆ. ಆ ಕಡೆಗೆ ಕಲ್ಲು ಹೊದಿಸಿ, ಇಲ್ಲವೇ ಮೇ ತಿಂಗಳಲ್ಲೇ ಗರಿಕೆ ಕರಣೆ ನಾಟಿ ಮಾಡಿ.

ನೆಡುವ ಗುಂಡಿ ದಿಬ್ಬದ ಮೇಲೆ ಒಂದೂವರೆ ಅಡಿ ಚೌಕ. ತುಂಬುವಾಗ ಎರಡು ಬುಟ್ಟಿ ಎರೆಮಣ್ಣಿಗೆ ಒಂದು ಬುಟ್ಟಿ ಗರಸು ಇಲ್ಲವೇ ಮಸಾರಿ ಮಣ್ಣು, ಜೊತೆಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಇರುವ ಆಮ್ಲಜನಕವನ್ನೂ ತಿಂದುಹಾಕುತ್ತೆ. ಒದ್ದೆ ಎರೆಯಲ್ಲಿ ಯಂತ್ರದ ಬೈರಿಗೆಯಿಂದ ಗುಂಡಿ ಕೊರೆದರೆ ಗೋಡೆ ಕುಂಬಾರನ ಮಡಕೆಯಂತೆ ನುಣುಪಾಗುತ್ತೆ, ಬೇರು ಅದನ್ನು ದಾಟಲಾರದೆ ಒಳಗೇ ಸುತ್ತುತ್ತೆ. ಹಾರೆಯಿಂದ ಗೋಡೆಯನ್ನು ನಾಲ್ಕೂ ಕಡೆ ಗೀರಿ ಬಿಡಬೇಕು. ಸಸಿ 8x12 ಇಂಚಿನ ಚೀಲದ್ದು, ಮೂರು ಅಡಿಗೆ ಕಡಿಮೆ ಇರದಂಥದ್ದು ತನ್ನಿ. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರು ಇದ್ದರೆ ಅಷ್ಟನ್ನು ಕತ್ತರಿಸಿ. ಹಿಂದೆ ಚೀಲದಲ್ಲಿ ಮಣ್ಣು ಎಲ್ಲಿಗಿತ್ತೋ ಅಲ್ಲಿಗೇ ನೆಡಿ. "ಗಟ್ಟಿಯಾಗಿ ನಿಲ್ಲಲಿ" ಅಂತ ಆಳಕ್ಕೆ ಹೂತರೆ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕೈಯಾರೆ ಕಳೆದ ಹಾಗೆ.

ಜಾತಿ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒದ್ದೆ ತಡೆಯುವವು ಕರಿಜಾಲಿ, ಹೊಳೆಮತ್ತಿ, ಹೊಂಗೆ, ನೇರಳೆ. ಬೇವು, ಹುಣಸೆ, ತೇಗ ಕೋಡಿ ಮಟ್ಟಕ್ಕಿಂತ ಮೇಲೆ ಮಾತ್ರ. ಬಳ್ಳಾರಿ ಜಾಲಿಯನ್ನು ಯಾರೂ ನೆಡಬೇಕಿಲ್ಲ, ಅದೇ ಬರುತ್ತೆ.

ಚೌಳು ನೆಲವಾದರೆ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣುವ ಕಡೆ, ದಿಬ್ಬದೊಳಗಿನಿಂದ ತೇವ ಮೇಲೇರಿ ಆವಿಯಾಗುವಾಗ ಉಪ್ಪನ್ನು ನೆತ್ತಿಯಲ್ಲಿ ಬಿಟ್ಟು ಹೋಗುತ್ತೆ. ಅಂದರೆ ದಿಬ್ಬದ ಅತಿ ಎತ್ತರದ ಬಿಂದುವೇ ಅತಿ ಉಪ್ಪಿನ ಬಿಂದು. ಅಲ್ಲಿ ಸಸಿ ನೆತ್ತಿಯಲ್ಲಿ ಬೇಡ, ನೆತ್ತಿಯಿಂದ ಅರ್ಧ ಅಡಿ ಕೆಳಗೆ, ಭುಜದಲ್ಲಿ ಇರಲಿ. ನೆಲ ಕ್ಷಾರವೂ ಆಗಿದ್ದರೆ ಗುಂಡಿಗೆ ಎರಡು ಮೂರು ಕಿಲೋ ಜಿಪ್ಸಂ ಬೆರೆಸಿ.

ನೀರು ಸರಿದ ಮೇಲೆ, ಜನವರಿಯಿಂದ, ಎರಡನೇ ಕಂಟಕ ಶುರು. ಎರೆಮಣ್ಣು ಒಣಗುತ್ತಾ ಕುಗ್ಗುತ್ತೆ, ಬಿರುಕು ಬಿಡುತ್ತೆ. ಮೊದಲ ಬಿರುಕು ಬರುವುದು ಸಾಮಾನ್ಯವಾಗಿ ಗುಂಡಿಯ ಅಂಚಿನಲ್ಲೇ, ತುಂಬಿದ ಮಣ್ಣು ಗೋಡೆಯಿಂದ ಬಿಟ್ಟುಕೊಳ್ಳುವ ಕಡೆ. ಸಣ್ಣ ಬೇರುಗಳು ಅಲ್ಲಿ ಹರಿದುಹೋಗುತ್ತವೆ, ಬಿಸಿಗಾಳಿ ನೇರ ಬುಡಕ್ಕಿಳಿಯುತ್ತೆ. ಆಮೇಲೆ ಸುರಿದ ನೀರು ಕೂಡ ಬಿರುಕಿನಲ್ಲಿ ಇಳಿದು ಮಾಯ. ಮೇಲ್ಮಣ್ಣು ಕಾಲಿಗೆ ಅಂಟದಷ್ಟು ಒಣಗಿದ ಕೂಡಲೇ, ಬಿರುಕು ಬರುವ ಮೊದಲೇ, ಕುರ್ಪಿಯಿಂದ ಎರಡು ಮೂರು ಇಂಚು ಸಡಿಲ ಮಾಡಿ ಮುಚ್ಚಿಗೆ ಹಾಕಬೇಕು. ದಾವಣಗೆರೆ ಕಡೆ ಭತ್ತದ ಹೊಟ್ಟು, ಮೆಕ್ಕೆಜೋಳದ ದಂಟು. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ. ನಾಲ್ಕು ಇಂಚು ದಪ್ಪ ಇರಲಿ, ಕಾಂಡದಿಂದ ಮೂರು ಇಂಚು ದೂರವಿರಲಿ, ಹತ್ತಿರ ಹಾಕಿದರೆ ಗೆದ್ದಲು ಸಿಪ್ಪೆಗೆ ಹತ್ತುತ್ತೆ. ಮಳೆಗಾಲದ ಮೊದಲೇ ಹಾಕಿದ ಮುಚ್ಚಿಗೆ ಅಕ್ಟೋಬರ್‌ನಲ್ಲಿ ತೇಲಿ ಹೋಗಿರುತ್ತೆ, ಆ ಖರ್ಚು ದಂಡ. ಮಾರ್ಚ್‌ನಿಂದ ಮೇವರೆಗೆ ಹತ್ತು ದಿನಕ್ಕೊಮ್ಮೆ ಹತ್ತು ಲೀಟರ್, ಅದೂ ತಳಕ್ಕೆ ಸಣ್ಣ ತೂತು ಮಾಡಿದ ಮಡಕೆಯಿಂದ ತೊಟ್ಟಿಕ್ಕುವಂತೆ.

ಕುರಿಗೆ ಬಳ್ಳಾರಿ ಜಾಲಿ ಮುಳ್ಳಿನ ಬೇಲಿ ಸಾಕು. ಎಮ್ಮೆಗೆ ಸಾಲದು. ಒದ್ದೆಯಲ್ಲಿ ಒಣ ಜಾಗ ಹುಡುಕುವುದು ಸಸಿ ಮಾತ್ರವಲ್ಲ, ಎಮ್ಮೆ ದಿಬ್ಬ ಹತ್ತಿ ನಿಂತರೆ ಇಳಿಜಾರು ಕುಸಿಯುತ್ತೆ. ನೀರು ಇಳಿಯುವ ತಿಂಗಳಲ್ಲಿ ಒಬ್ಬ ಕಾವಲುಗಾರ ಬೇಕೇ ಬೇಕು.

ಸತ್ತ ಸಸಿಗಳ ಎಣಿಕೆ ವರ್ಷಕ್ಕೆ ಎರಡು ಸಲ ಆಗಬೇಕು, ಜನವರಿಯಲ್ಲೊಮ್ಮೆ, ಜೂನ್‌ನಲ್ಲೊಮ್ಮೆ. ಜೂನ್‌ನಲ್ಲಿ ಮಾತ್ರ ಎಣಿಸಿದರೆ ಮುಳುಗಿ ಸತ್ತದ್ದು, ಒಣಗಿ ಸತ್ತದ್ದು ಒಂದೇ ಲೆಕ್ಕಕ್ಕೆ ಸೇರಿ, "ನೀರು ಸಾಲಲಿಲ್ಲ" ಅಂತ ವರದಿಯಾಗುತ್ತೆ, ಮುಂದಿನ ವರ್ಷ ಟ್ಯಾಂಕರ್‌ಗೆ ದುಡ್ಡು ಹೋಗುತ್ತೆ. ಜನವರಿಯಲ್ಲಿ ಸತ್ತ ಕಡೆ ದಿಬ್ಬ ಎತ್ತರಿಸದೆ ಮತ್ತೆ ಸಸಿ ಇಡಬೇಡಿ. ಎತ್ತರಿಸುವಷ್ಟು ಹಣ ಇಲ್ಲದಿದ್ದರೆ, ಕುರಿ ಹಟ್ಟಿಯಲ್ಲಿ ಸಿಗುವ ಕರಿಜಾಲಿ ಬೀಜ ಗುಡಿಸಿ ತನ್ನಿ. ಆಡು, ಕುರಿಯ ಹೊಟ್ಟೆ ಹಾದು ಬಂದ ಬೀಜದ ಗಟ್ಟಿ ಸಿಪ್ಪೆ ಸಡಿಲವಾಗಿರುತ್ತೆ. ಮರದಿಂದಲೇ ಕಿತ್ತ ಬೀಜವಾದರೆ ಕುದಿಸಿ ಇಳಿಸಿದ ನೀರಿಗೆ ಹಾಕಿ ಒಂದು ದಿನ ಬಿಡಿ. ಇಳಿದ ದಿಬ್ಬದ ಭುಜದಲ್ಲಿ ಅರ್ಧ ಇಂಚು ಆಳಕ್ಕೆ ನಾಲ್ಕೈದು ಬೀಜ ಹಾಕಿ. ಬಿರುಕಿನೊಳಗೆ ಬಿದ್ದ ಬೀಜ ಮೊಳೆತರೂ ಮೇಲೆ ಬರಲ್ಲ, ಹಾಗಾಗಿ ಮೊದಲು ಬಿರುಕಿಗೆ ಮಣ್ಣು ತುಂಬಿ, ಆಮೇಲೆ ಬಿತ್ತಿ.